ಹೊಳಿ ಆಚಿ, ಹೊಳಿ ಈಚಿ: ತಂತಿಗೆ ಚುಚ್ಚಿದ ಹಳೇ ಕಾರ್ಡುಗಳು

ಹೋದ ಭಾನುವಾರ ಸಂಜಿಮುಂದ ಹಾವೇರಿಯಾಗ ನಮ್ಮ ಮನಿ ಹಳೇ ಪೋಸ್ಟ್ ಕಾರ್ಡುಗಳ ಬಗ್ಗೆ ಮಾತಾಡಿದ್ದು ಇದು. ಬರದು ಕೊಡ್ರಿ ಅಂತ ಅಲ್ಲೆ ಬಂದವ್ರು ಕೇಳಿದ್ರು, ಫೋನಿನ್ಯಾಗ ರೆಕಾರ್ಡ್ ಆಗಿದ್ದನ್ನ ಕೇಳ್ಕೊಂತ ಬರದೀನಿ. ಸ್ಕ್ರೀನ್ ಮ್ಯಾಲೆ ಕಾರ್ಡು ತೋರಿಸಿ "ಇಲ್ಲೆ ನೋಡ್ರಿ" ಅಂದದ್ದನ್ನೆಲ್ಲಾ ಈಗ ಮಾತಿನ್ಯಾಗ ಬಿಡಿಸಿ ಹೇಳಬೇಕು, ಹಂಗಾಗಿ ಅಲ್ಲಿಗಿಂತ ಸ್ವಲ್ಪ ಉದ್ದ ಆಗೈತಿ.

ಮೊದಲನೇ ಸ್ಲೈಡಿನ್ಯಾಗ ಕಾರ್ಡೇ ಇಲ್ಲ, ಒಂದು ಕಬ್ಬಿಣದ ತಂತಿ ಐತಿ. ಕೆಳಗ ಗುಂಡನೆ ಕಟಗಿ ಬಿಲ್ಲಿ, ಮ್ಯಾಲೆ ಗ್ವಾಡಿ ಮೊಳಿಗೆ ಸಿಗಿಸಾಕ ಕೊಕ್ಕಿ. ಅಡತಿ ಅಂಗಡಿ, ಜವಳಿ ಅಂಗಡಿ ನೋಡಿದವ್ರಿಗೆ ಇದು ಗೊತ್ತಿರತೈತಿ. ಟಪಾಲ ಬಂತು ಅಂದ್ರ ಓದಿ ನಡಕ ಚುಚ್ಚಿ ತಂತಿಗೆ ಏರಿಸೋದು, ಅಷ್ಟೇ ಫೈಲಿಂಗ್. ನಮ್ಮ ಮುತ್ಯಾನ ಅಪ್ಪ ಗುತ್ತಲ ಭಾಗದಾಗ ತುಂಗಭದ್ರಾ ಹೊಳಿ ದಂಡಿ ಮ್ಯಾಲಿನ ಒಂದು ಊರಾಗ ಅರಬಿ ಅಂಗಡಿ ಇಟ್ಟಿದ್ದ, ಜೋಡಿಗೆ ಮೆಣಸಿನಕಾಯಿ, ಹತ್ತಿ ದಲಾಲಿನೂ ಮಾಡ್ತಿದ್ದ. ಹಳೇ ಮನಿ ಬಿಚ್ಚುವಾಗ ಅಟ್ಟದ ಮ್ಯಾಲೆ ನಾಲ್ಕು ತಂತಿ ಸಿಕ್ವು, ಒಂದೊಂದರಾಗೂ ಮೊಳ ಮೊಳ ಕಾರ್ಡು. ಮ್ಯಾಲಿನವಕ್ಕ ಗೆದ್ದಲ ಹಿಡಿದಿತ್ತು, ಒಳಗಿನವು ಈಗ ಬರದಂಗ ಇದ್ವು.

ಹಳೇ ಪೋಸ್ಟ್ ಕಾರ್ಡಿನ್ಯಾಗ ಊರಿನ ಇತಿಹಾಸ ಅಂದ ಕೂಡಲೇ ಎಲ್ಲಾರೂ ಚಿತ್ರದ ಕಾರ್ಡು ಅನ್ಕೋತಾರ. ಸೇತುವೆ, ಘಾಟು, ಗುಡಿ, ಕೆಳಗ ಚಂದ ಅಕ್ಷರದಾಗ ಊರಿನ ಹೆಸರು, ಅಂಥವು. ಮದ್ರಾಸಿಂದ, ಬೆಂಗಳೂರಿಂದ, ಮುಂಬಯಿಂದ ಅಂಥ ಕಾರ್ಡು ಬೇಕಾದಷ್ಟು ಬಂದ್ವು, ಹಿಗ್ಗಿನ್‌ಬೋಥಮ್ಸ್‌ನಂಥ ಕಂಪನಿಗಳು ಮಾಡಿಸಿ ಮಾರಿದ್ವು. ಆದ್ರ ಅವನ್ನ ಕೊಳ್ಳೋರು ಯಾರು? ಊರಿಗೆ ಕಾಗದ ಬರಿಯೋ ದೊರೆಗಳು, ಮಿಷನ್ನಿನವರು, ಪಲ್ಟನ್ನಿನವರು. ಧಾರವಾಡಕ್ಕ 1837ರಾಗ, ಹುಬ್ಬಳ್ಳಿಗೆ 1839ರಾಗ, ಬೆಟಗೇರಿಗೆ 1841ರಾಗ ಬಾಸೆಲ್ ಮಿಷನ್ ಬಂತು, ಅವರು ತೆಗೆದ ಫೋಟೋ ಅದಾವ. 1850ರ ದಶಕದಾಗ ಡಾಕ್ಟರ್ ಪಿಗೂ ಅನ್ನೋ ಕಂಪನಿ ಸರ್ಕಾರದ ವೈದ್ಯ ದೊಡ್ಡ ಕ್ಯಾಮೆರಾ ತಗೊಂಡು ನಮ್ಮ ಗುಡಿಗಳ ಫೋಟೋ ತೆಗೆದ. ಅವರೆಲ್ಲಾ ಕಲ್ಲನ್ನ ಬಾಳ ಪ್ರೀತಿಯಿಂದ ನೋಡ್ಯಾರ. ಆದ್ರ ಸಂತಿಗೆ ಹೋಗೋ ಹೆಣ್ಣಮಗಳನ್ನ, ಹರಗೋಲಿನ್ಯಾಗ ಚೀಲ ಇಟ್ಟು ಕುಂತ ದಲಾಲಿಯನ್ನ ನೋಡಬೇಕು ಅಂದ್ರ ನಮಗ ಉಳದದ್ದು ಈ ಚಿತ್ರ ಇಲ್ಲದ ಕಾರ್ಡೇ.

ಇದು ಶುರು ಆದದ್ದು 1879ರ ಜುಲೈ 1ಕ್ಕ. ಬೆಲೆ ಕಾಲಾಣೆ. ಲಕೋಟಿ ಕಾಗದಕ್ಕ ಅರ್ಧಾಣೆ ಇದ್ದಾಗ ಅದರ ಅರ್ಧಕ್ಕ ಹಿಂದೂಸ್ತಾನದ ಯಾವ ಮೂಲೆಗಾದ್ರೂ ಒಂದು ಮಾತು ಮುಟ್ಟಸ್ತೀವಿ ಅಂದ್ರು. ಮುಂದ ರಾಣಿ ಮುಖ, ಜೋಡಿಗೆ ಇಂಗ್ಲಿಷಿನ್ಯಾಗ ಈ ಮಗ್ಗಲಿಗೆ ವಿಳಾಸ ಬಿಟ್ಟು ಏನೂ ಬರೀಬ್ಯಾಡ್ರಿ ಅಂತ ಅಪ್ಪಣೆ. ಹಿಂದಿನ ಮಗ್ಗಲ ಪೂರಾ ನಿಮ್ದು. ತಾರೀಖು ಹಾಕದ ಕಾರ್ಡು ಕೈಗೆ ಸಿಕ್ಕರ ಮೊದಲ ಆ ಮುಖ ನೋಡ್ರಿ. ವಿಕ್ಟೋರಿಯಾ ಇದ್ದರ 1901ರ ಹಿಂದಿಂದು ಅಂತ ಸಾಮಾನ್ಯವಾಗಿ ಹಿಡೀಬಹುದು, ಆಮ್ಯಾಲೆ ಗಡ್ಡದ ಎಡ್ವರ್ಡ್, ಆಮ್ಯಾಲೆ ಐದನೇ ಜಾರ್ಜ್, ಆರನೇ ಜಾರ್ಜ್. 1922ರಾಗ ಕಾಲಾಣೆ ಹೋಗಿ ಅರ್ಧಾಣೆ ಆತು, ಅಂದ್ರ ಒಮ್ಮಿಗೇ ಡಬಲ್. ನಮ್ಮ ತಂತಿಯಾಗ ಈ ಏರಿಕೆ ಬರವಣಿಗ್ಯಾಗ ಕಾಣತೈತಿ, ಕಾಲಾಣೆ ಕಾಲದಾಗ ನಾಲ್ಕು ಸಾಲು ಗೀಚಿ ಹಾಕ್ತಿದ್ದವ್ರು ಅರ್ಧಾಣೆ ಆದ ಮ್ಯಾಲೆ ಮೂಲಿ ಮೂಲಿಗೂ ಇರುವಿ ಸಾಲಿನಂಗ ಬರದಾರ, ಕಡೀ ಮಾತು ಹಿಡೀಲಿಲ್ಲ ಅಂತ ಕಾರ್ಡು ತಿರುವಿ ಮಗ್ಗಲದಾಗ ಅಡ್ಡ ಬರದಾರ.

ಈಗ ವಿಳಾಸದ ಮಗ್ಗಲಕ್ಕ ಬರೋಣು. ಹಾವೇರಿಗೆ ಬಂದ ಹಳೇ ಕಾರ್ಡಿನ್ಯಾಗ "ಮು॥ ಪೋ॥ ಹಾವೇರಿ, ತಾ॥ ಕರಜಗಿ, ಜಿ॥ ಧಾರವಾಡ" ಅಂತ ಐತಿ, ಮು॥ ಪೋ॥ ಅಂದ್ರ ಮುಕ್ಕಾಮು, ಪೋಸ್ಟ್. ಕೂತವ್ರಾಗ ಬಾಳ ಮಂದಿಗೆ ಇದು ಗೊತ್ತಿರಲಿಲ್ಲ, ಹಾವೇರಿ ತಾಲೂಕಿಗೆ ಆಗ ಕರಜಗಿ ತಾಲೂಕು ಅಂತ ಹೆಸರು. ಕಚೇರಿ ಇದ್ದದ್ದು ಹಾವೇರಿಯಾಗ, ಹೆಸರು ಮಾತ್ರ ವರದಾ ದಂಡಿ ಮ್ಯಾಲಿನ ಕರ್ಜಗಿದು. ಇವತ್ತು ಕರ್ಜಗಿ ಅಂದ್ರ ನಮಗ ಕಾರಹುಣ್ಣಿಮೆ ನೆನಪಾಗತೈತಿ, ರೈಲಿನ್ಯಾಗ ಹೋಗುವಾಗ ಒಂದು ಸಣ್ಣ ಸ್ಟೇಶನ್ನು, ಅಷ್ಟೇ. ಕಾರ್ಡಿನ್ಯಾಗ ಅದು ನೂರಾರು ಹಳ್ಳಿ ಮಂದಿಯ ವಿಳಾಸ.

ಅದೇ ಸಾಲು ಮುಂದ ಹೆಂಗ ಬದಲಾಗತೈತಿ ನೋಡ್ರಿ. ಮೊದಲ ಮುಂಬಯಿ ಇಲಾಖೆ (ಬ್ರಿಟಿಷರ ಮುಂಬಯಿ ಪ್ರಾಂತ), ಸ್ವಾತಂತ್ರ್ಯ ಬಂದ ಮ್ಯಾಲೆ ಮುಂಬಯಿ ರಾಜ್ಯ, 1956ರ ನವೆಂಬರ್ 1ರಿಂದ ಮೈಸೂರು ರಾಜ್ಯ, 1973ರ ನವೆಂಬರ್ 1ರಿಂದ ಕರ್ನಾಟಕ. 1972ರ ಆಗಸ್ಟ್ 15ಕ್ಕ ಪಿನ್ ಕೋಡ್ ಬಂತು, ಹಾವೇರಿಗೆ 581110. 1997ರಾಗ ಗದಗ ಮತ್ತು ಹಾವೇರಿ ಬ್ಯಾರೆ ಜಿಲ್ಲಾ ಆದ ಮ್ಯಾಲೆ "ಜಿ॥ ಧಾರವಾಡ" ಅನ್ನೋದೂ ಹೋತು. ಒಬ್ಬ ಮನಶ್ಯಾ ಹುಟ್ಟಿದ ಮನಿ ಬಿಟ್ಟು ಒಂದು ಹೆಜ್ಜಿ ಹೊರಗ ಇಡಲಾರದ ಇಷ್ಟು ರಾಜ್ಯದಾಗ, ಎರಡು ಜಿಲ್ಲಾದಾಗ ಬಾಳ್ವೆ ಮಾಡ್ಯಾನ. ಏಕೀಕರಣದ ಬಗ್ಗೆ ಓದಬೇಕಂದ್ರ ದೊಡ್ಡ ದೊಡ್ಡ ಭಾಷಣ ಅದಾವ, ನನಗ ಮಾತ್ರ ಒಬ್ಬ ಅಂಗಡಿಕಾರ ತನ್ನ ಹಳೇ ಲೆಟರ್‌ಹೆಡ್ ಕಾರ್ಡಿನ ಮ್ಯಾಲೆ "ಮುಂಬಯಿ" ಅನ್ನೋದನ್ನ ಶಾಯಿಲೆ ಹೊಡದು ಅದರ ಮ್ಯಾಲೆ "ಮೈಸೂರು" ಅಂತ ಬರದದ್ದು ನೋಡಿದಾಗ ಅದು ಮನಿಗೆ ಬಂದು ಮುಟ್ಟಿದ ಸುದ್ದಿ ಅನಸ್ತು.

ಸುತ್ತಮುತ್ತಲಿನ ವಿಳಾಸನೂ ಹಂಗೇ. ಸವಣೂರಿಗೆ ಬರೀಬೇಕಂದ್ರ ಅದು ನವಾಬರ ಸಂಸ್ಥಾನ. ಶಿರಹಟ್ಟಿ ಸಾಂಗ್ಲಿಯವರದು, ಲಕ್ಷ್ಮೇಶ್ವರ ಮಿರಜಿನವರದು, ಕುಂದಗೋಳ ಜಮಖಂಡಿಯವರದು. ಎಲ್ಲಾ ಒಂದು ದಿನದ ಚಕ್ಕಡಿ ಹಾದಿ, ಎಲ್ಲಾರ ಮನಿ ಮಾತೂ ಕನ್ನಡ. ಹಿಂಗ ಹರದು ಹಂಚಿದ್ದರಾಗ ತುಂಗಭದ್ರಾ ಹೊಳಿನೇ ಎಲ್ಲಕ್ಕಿಂತ ದೊಡ್ಡ ಗಡಿ ಆಗಿತ್ತು. ಈ ದಂಡಿ ಮುಂಬಯಿ ಇಲಾಖೆ. ಆ ದಂಡಿಗೆ ಮ್ಯಾಲಿನ ಕಡೆ ಹರಿಹರ ಮೈಸೂರು ಸಂಸ್ಥಾನ, ಕೆಳಗ ಬಂದ್ರ ಹರಪನಹಳ್ಳಿ, ಹಡಗಲಿ ಬಳ್ಳಾರಿ ಜಿಲ್ಲಾಕ್ಕ ಸೇರಿ ಮದ್ರಾಸ್ ಇಲಾಖೆ, ಇನ್ನೂ ಕೆಳಗ ಹೋದ್ರ ಕೊಪ್ಪಳದ ಕಡೆ ನಿಜಾಮನ ರಾಜ್ಯ, ಅಲ್ಲೆ ಟಪಾಲೂ ಬ್ಯಾರೆ, ಸ್ಟಾಂಪೂ ಬ್ಯಾರೆ. ಬಳ್ಳಾರಿ ಕಡೆಯ ಕನ್ನಡ ತಾಲೂಕು ಮೈಸೂರಿಗೆ ಬಂದದ್ದು 1953ರ ಅಕ್ಟೋಬರ್ 1ಕ್ಕ.

ಮಾತಿನ್ಯಾಗೂ ಹೊಳಿ ಗಡಿ ಐತಿ. ನಾವು ಇವತ್ತಿಗೂ ಟಪಾಲ, ಟಪಾಲಿನಾಂವ ಅಂತೀವಿ, ಮರಾಠಿ ಸರ್ಕಾರದ ಕಾಲದಿಂದ ಬಂದ ಮಾತು. "ಮು॥ ಪೋ॥" ಅನ್ನೋದ್ರಾಗಿನ ಮುಕ್ಕಾಮೂ ಅಲ್ಲಿಂದೇ. ಹೊಳಿ ಆಚಿ ಹರಿಹರದಾಗ ಅದು ಅಂಚೆ. ಅಂಚೆ ಅಂದ್ರ ಬರೇ ಶಬ್ದ ಅಲ್ಲ, ಚಿಕ್ಕದೇವರಾಜ ಒಡೆಯರ ಕಾಲದಿಂದ ಬಂದ ಮೈಸೂರಿನವರ ಸ್ವಂತ ವ್ಯವಸ್ಥಾ, 1889ರಾಗ ಅದು ಬ್ರಿಟಿಷರ ಟಪಾಲ ಖಾತೆಯೊಳಗ ಸೇರಿತು. ಖಾತೆ ಹೋತು, ಹೆಸರು ಉಳೀತು. ಈಗ ಸರ್ಕಾರಿ ಬೋರ್ಡಿನ ಮ್ಯಾಲೆ ಅಂಚೆ ಕಚೇರಿ ಅಂತನೇ ಐತಿ, ಮನ್ಯಾಗ ಅಜ್ಜಿ ಮಾತ್ರ ಟಪಾಲ ಅಂತಾಳ.

ಹರಿಹರದಾಗ ಸೇತುವೆ 1868ರಾಗೇ ಆಗಿತ್ತು, ಬೆಂಗಳೂರು ಧಾರವಾಡ ದೊಡ್ಡ ರಸ್ತೆಗೆ ಅಂತ ಕಲ್ಲು ಇಟ್ಟಂಗಿಲೆ ಕಟ್ಟಿದ 14 ಕಮಾನಿನ ಸೇತುವೆ. ಮುಂದ ಸದರ್ನ್ ಮರಾಠಾ ರೈಲ್ವೇನೂ ಬಂತು, ಹುಬ್ಬಳ್ಳಿ ಬಿಟ್ಟ ಗಾಡಿ ಯಲವಿಗಿ, ಕರ್ಜಗಿ, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ದಾಟಿ ಹರಿಹರ ಮುಟ್ಟತಿತ್ತು. ರೈಲಿನ ಹಾದಿಯಾಗಿನ ಊರಿನ ಕಾರ್ಡು ನೋಡಿದ್ರ ಒಂದಿನಕ್ಕ, ಎರಡು ದಿನಕ್ಕ ಮುಟ್ಟ್ಯಾವ. ಬ್ಯಾಡಗಿ ಮೆಣಸಿನಕಾಯಿ ದರ, ರಾಣೆಬೆನ್ನೂರು ಹತ್ತಿ ದರ ಎಲ್ಲಾ ಕಾರ್ಡಿನ ಮ್ಯಾಲೇ ಓಡಾಡ್ಯಾವ. ಕಾರ್ಡು ಅಂದ್ರ ತೆರೆದ ಮಾತು, ಟಪಾಲಿನಾಂವನೂ ಓದ್ತಾನ, ಮಗ್ಗಲ ಅಂಗಡ್ಯಾಂವನೂ ಓದ್ತಾನ, ಹಂಗಾಗಿ ವ್ಯಾಪಾರಿಗಳು ದರ ಬರಿಯುವಾಗ ಅಂಕಿ ಬದಲಿಗೆ ತಮ್ಮ ತಮ್ಮೊಳಗಿನ ಅಕ್ಷರ ಇಡ್ತಿದ್ರು. ನಮ್ಮ ತಂತಿಯಾಗ ಅರ್ಧಕ್ಕರ್ಧ ವ್ಯಾಪಾರದ ಕಾರ್ಡು ಮೋಡಿ ಅಕ್ಷರದಾಗ, ಅಂದ್ರ ಮೊದಲ ಮರಾಠಿ ಬರಿಯಾಕ ಬಳಸ್ತಿದ್ದ ಹಳೇ ಕೂಡು ಅಕ್ಷರದಾಗ ಅದಾವ, ಎಷ್ಟೋ ಕಡೆ ಲಿಪಿ ಮೋಡಿ, ಭಾಷಾ ಕನ್ನಡ. ಮೋಡಿ ಓದೋರು ಈಗ ಬೆರಳಿಗೆ ಎಣಿಸುವಷ್ಟು ಮಂದಿ. ನಿಮ್ಮ ಮನ್ಯಾಗ "ಮರಾಠಿ ಕಾಗದ" ಅಂತ ಕಟ್ಟಿ ಇಟ್ಟದ್ದಿದ್ದರ ಅದನ್ನ ಮರಾಠಿ ಅಂತ ತಿಳದು ಬಿಟ್ಟುಬಿಡಬ್ಯಾಡ್ರಿ, ಯಾರಿಂದಾದ್ರೂ ಓದಿಸ್ರಿ, ನಿಮ್ಮ ಅಜ್ಜ ಕನ್ನಡದಾಗೇ ಮಾತಾಡಿರಬಹುದು.

ರೈಲಿನ ಮಾತು ಅಷ್ಟಕ್ಕೇ ಸಾಕು. ನನಗ ಬಾಳ ದಿನ ತಲಿ ತಿಂದದ್ದು ಬ್ಯಾರೆ ಕಾರ್ಡುಗಳು, ರೈಲಿಲ್ಲದ ಕಡೆಯವು, ಗಳಗನಾಥದ ಕೂಡಲದಿಂದ ಕೆಳಗ ಹೊಳಿ ಎರಡೂ ದಂಡಿಯ ಹಳ್ಳಿಗಳವು.

ಗಳಗನಾಥದಾಗ ವರದಾ ಬಂದು ತುಂಗಭದ್ರಾ ಸೇರತಾಳ. ಗಳಗೇಶ್ವರ ಗುಡಿ ಮುಂದ ನಿಂತ್ರ ಎದುರಿಗೆ ಆ ದಂಡಿ ಕಾಣತೈತಿ, ಎತ್ತು ಮೇಯೋದು ಕಾಣತೈತಿ. ಅಷ್ಟು ಹತ್ರ. ಆ ದಂಡಿಯಿಂದ ಬಂದ ಒಂದು ಕಾರ್ಡಿನ ಮ್ಯಾಲೆ ಮುದ್ರಿ ಎಣಿಸಿದ್ರ ಹಾಕಿದ ಊರಿಂದು ಒಂದು, ಬಳ್ಳಾರಿದೊಂದು, ಹುಬ್ಬಳ್ಳಿದೊಂದು, ಕಡೀಕ ನಮ್ಮ ಕಡೀದೊಂದು. ಅಂದ್ರ ಕೂಗಿದ್ರ ಕೇಳುವಷ್ಟು ದೂರದ ಮಾತು ಮದ್ರಾಸ್ ಇಲಾಖೆಯಿಂದ ಮುಂಬಯಿ ಇಲಾಖೆಗೆ ಬರಾಕ ಬಳ್ಳಾರಿ, ಗದಗ, ಹುಬ್ಬಳ್ಳಿ ಸುತ್ತಿ ಹಾವೇರಿಗೆ ಇಳದು ಅಲ್ಲಿಂದ ಟಪಾಲ ಹೊರೋ ಹರಕಾರನ ಹೆಗಲ ಮ್ಯಾಲೆ ನಮ್ಮೂರಿಗೆ ಬಂದೈತಿ. ನಾಲ್ಕು ದಿನ, ಐದು ದಿನ. ಇದನ್ನ ನೋಡಿ ನನಗ ಮೊದಲ ಸಿಟ್ಟು ಬಂತು, ಆಮ್ಯಾಲೆ ಒಂದು ಪ್ರಶ್ನೆ ಬಂತು, ಅಷ್ಟು ಹತ್ರ ಇದ್ದವ್ರು ಕಾರ್ಡು ಯಾಕ ಬರದ್ರು? ಹರಗೋಲ ಹತ್ತಿ ಬಂದು ಬಾಯಿಲೆ ಹೇಳಬಹುದಿತ್ತಲ್ಲ. ಚೌಡಯ್ಯದಾನಪುರ ಅಲ್ಲೇ ಹತ್ರ, 12ನೇ ಶತಮಾನದಾಗ ಅಂಬಿಗರ ಚೌಡಯ್ಯನಂಥ ವಚನಕಾರನ್ನ ಕೊಟ್ಟ ಹೊಳಿ ಅದು, ಹುಟ್ಟು ಹಾಕೋ ಮಂದಿಗೆ ಬರ ಇರಲಿಲ್ಲ.

ಉತ್ತರ ತಂತಿಯಾಗೇ ಇತ್ತು, ನಾನು ಕಾರ್ಡು ಒಂದೊಂದೇ ಓದ್ತಿದ್ನಿ, ಸಾಲಿಗೆ ಹಚ್ಚಿ ನೋಡಿರಲಿಲ್ಲ. ತಾರೀಖಿನ ಪ್ರಕಾರ ನೆಲದ ಮ್ಯಾಲೆ ಹಾಸಿದೆ. ಹೊಳಿ ಆಚಿ ಕಾರ್ಡು ಬ್ಯಾಸಗಿಯಾಗ ಹೆಚ್ಚುಕಡಿಮಿ ಇಲ್ಲೇ ಇಲ್ಲ. ಸುಗ್ಗಿಯಾಗ ಇಲ್ಲ. ಆಷಾಢ ಹುಟ್ಟಿತು ಅಂದ್ರ ಶುರು, ಶ್ರಾವಣದಾಗ ದಂಡಿಯಾಗಿ ಬರ್ತಾವ, ಮಹಾನವಮಿ ಹೊತ್ತಿಗೆ ಮತ್ತ ಕಡಿಮಿ. ಯಾಕಂದ್ರ ನೀರು ಕಡಿಮಿ ಇದ್ದಾಗ ಮಂದಿನೇ ದಾಟಿ ಬರ್ತಿದ್ರು, ಮಾತು ಬಾಯಾಗೇ ಹೋಗತಿತ್ತು, ಅದಕ್ಕ ಕಾಗದ ಯಾಕ ಬೇಕು. ಮಲೆನಾಡಿನ್ಯಾಗ ಮಳಿ ಹಿಡದು ಹೊಳಿ ಬಂತು ಅಂದ್ರ ಹರಗೋಲ ದಂಡಿಗೆ ಎಳದು ಬೋರಲ ಹಾಕ್ತಿದ್ರು, ಆವಾಗ ಮಾತಿಗೆ ಉಳಿಯೋ ಹಾದಿ ಅಂದ್ರ ಬಳ್ಳಾರಿ ಸುತ್ತಿ ಬರೋ ಕಾಲಾಣೆ ಕಾರ್ಡೊಂದೇ.

"ಹೊಳಿ ಬಂದೈತಿ." ಈ ಎರಡು ಶಬ್ದ ನಮ್ಮ ತಂತಿಯಾಗ ಎಷ್ಟು ಸಲ ಅದಾವ ಅಂತೀರಿ. ಬ್ಯಾರೆ ಕಡೆಯವ್ರಿಗೆ ಹೊಳಿ ಯಾವಾಗಲೂ ಇರತೈತಿ, ನಮಗ ಹೊಳಿ ಬರತೈತಿ, ಇಳೀತೈತಿ. ಹೊಳಿ ಬಂದೈತಿ, ಸರಕು ಕಳಸಾಕ ಆಗೂದಿಲ್ಲ. ಹೊಳಿ ಬಂದೈತಿ, ರೊಕ್ಕ ಇಳದ ಮ್ಯಾಲೆ ಕೊಡ್ತೀನಿ. ಹೊಳಿ ಬಂದೈತಿ, ಪಂಚಮಿಗೆ ಕರಿಯಾಕ ಬರೋದು ಹೆಂಗೋ ತಿಳೀವಲ್ದು.

ಪಂಚಮಿ ಕಾರ್ಡುಗಳ ಹತ್ರ ನಾನು ಬಾಳ ಹೊತ್ತು ನಿಂತೆ, ಅಲ್ಲೆ ಸಭಾದಾಗೂ ಹೆಣ್ಣಮಕ್ಕಳು ಸುಮ್ಮನ ಆಗಿಬಿಟ್ರು. ನಮ್ಮ ಕಡೆ ನಾಗರಪಂಚಮಿ ಅಂದ್ರ ತವರಿನ ಹಬ್ಬ, ಅಣ್ಣ ತಮ್ಮ ಬಂದು ಕರಕೊಂಡು ಹೋಗಬೇಕು, ಉಂಡಿ, ಜೋಕಾಲಿ, ವರ್ಷಕ್ಕೊಮ್ಮೆ ಆಕಿ ಮತ್ತ ಮಗಳಾಗೋ ನಾಲ್ಕು ದಿನ. ಆ ಪಂಚಮಿ ಬರೋದು ಶ್ರಾವಣದ ಮೊದಲನೇ ವಾರ, ತುಂಗಭದ್ರಾ ತುಂಬಿ ಹರಿಯೋ ಹೊತ್ತು. ಹೊಳಿ ಆಚಿ ಹೆಣ್ಣು ಕೊಟ್ಟವ್ರಿಗೆ ವರ್ಷಾ ವರ್ಷಾ ಇದೇ ಸಂಕಟ. ರಾಜ್ಯದ ಗಡಿ ಅವರಿಗೆ ಗಡಿ ಆಗಿರಲಿಲ್ಲ, ಬಳ್ಳಾರಿ ಜಿಲ್ಲಾಕ್ಕ ಮಗಳನ್ನ ಕೊಟ್ಟೀವಿ ಅಂತ ಯಾರೂ ಬರದಿಲ್ಲ, "ಹೊಳಿ ಆಚಿ" ಅಂತನೇ ಬರದಾರ. ನೀರಿನ ಹರವು ಒಂದೇ ಅವರಿಗೆ ಗಡಿ, ಅದೂ ಮೂರು ತಿಂಗಳಿಂದು.

ಇನ್ನೊಂದು ನೋಡ್ರಿ, ಅಕ್ಕ ತಂಗ್ಯಾರಿಗೆ ಬರದ ಈ ಕಾರ್ಡಿನ ಮುಂದಿನ ಮಗ್ಗಲದಾಗ ಅವರ ಹೆಸರು ಇರೂದಿಲ್ಲ. ಗಂಡನ ಹೆಸರು, ಇಲ್ಲಾ ಮಾವನ ಹೆಸರು. ಒಳಗ ಮೊದಲ ಆರು ಸಾಲು ಮಾವಗ ಸಾಷ್ಟಾಂಗ ನಮಸ್ಕಾರ, ಮಳಿ ಬೆಳಿ, ಎತ್ತಿನ ಆರೋಗ್ಯ, ಕಡೀಕ ಅಂಚಿನ್ಯಾಗ "ಚಿ॥ ಸೌ॥" ಅಂತ ಒಂದು ಹೆಸರು, "ಅವ್ವ ಬಾಳ ನೆನಸತಾಳ ಅಂತ ಹೇಳ್ರಿ". ಆ ಅಂಚಿನ ಸಾಲಿಗೇ ಕಾರ್ಡು ಬರದದ್ದು ಅಂತ ಓದಿದವ್ರಿಗೆಲ್ಲಾ ಗೊತ್ತು. ಬರದಾಂವನೂ ಬಾಳ ಸಲ ಅಣ್ಣ ಅಲ್ಲ, ಸಾಲಿ ಮಾಸ್ತರು, ಓದಿ ಹೇಳಿದಾಂವನೂ ಟಪಾಲಿನಾಂವ. ಎರಡು ಗಂಡಸರ ಕೈ ಬಾಯಿ ದಾಟಿ ಅವ್ವನ ಮಾತು ಮಗಳಿಗೆ ಮುಟ್ಟತಿತ್ತು, ಅಂಗಳದಾಗ ಎಲ್ಲಾರ ಮುಂದ.

ಸಭಾದಾಗ ಒಬ್ರು ಕೇಳಿದ್ರು, ಹೊಳಿಯಾಗ ಮುಳಗಿದ್ದು, ಪ್ಲೇಗು, ಬರ, ಅವೆಲ್ಲಾ ಕಾರ್ಡಿನ್ಯಾಗ ಇಲ್ಲೇನು ಅಂತ. ಇದು ದೊಡ್ಡ ಮಾತು. ಸಾವಿನ ಕಾರ್ಡು ತಂತಿಗೆ ಏರೂದಿಲ್ಲ. ಶುಭದ ಕಾರ್ಡಿಗೆ ಮೂಲ್ಯಾಗ ಅರಿಷಿಣ ಕುಂಕುಮ, ತಲಿಗೆ ಶ್ರೀಕಾರ. ಸಾವಿನ ಕಾರ್ಡಿಗೆ ಶ್ರೀಕಾರ ಇಲ್ಲ, ಓದಿದ ಕೂಡಲೇ ಹರದು ಹೊರಗ ಒಗಿಯೋದು, ಮನಿಯೊಳಗ ತರೂದಿಲ್ಲ, ಓದಿದವ್ರು ಜಳಕ ಮಾಡೋದು. ಹಿಂಗಾಗಿ ನಮ್ಮ ಕೈಗೆ ಬಂದ ಕಟ್ಟಿನ್ಯಾಗ ಮದಿವಿ ಅದಾವ, ತೊಟ್ಟಿಲು ಅದಾವ, ಸರಕು ಸಾಲ ಅದಾವ, ಸಾವು ಇಲ್ಲ. ಬರೇ ಕಾರ್ಡು ನಂಬಿ ಇತಿಹಾಸ ಬರದ್ರ ನಮ್ಮ ಊರಾಗ ಯಾರೂ ಸತ್ತಿಲ್ಲ ಅಂತ ಆಗತೈತಿ. ಸಾವನ್ನ ಖಾಲಿ ಜಾಗದಾಗ ಓದಬೇಕು.

ಒಂದು ಉದಾಹರಣೆ ತೋರಿಸಿದ್ನಿ. ಐದನೇ ಜಾರ್ಜ್ ಮುಖದ ಕಾಲಾಣೆ ಕಾರ್ಡು, ಇಂಗ್ಲಿಷ್ ತಾರೀಖು ಇಲ್ಲ, ಮುದ್ರಿ ಅಳಿಸೈತಿ, ಒಳಗ "ಕಾಳಯುಕ್ತಿ ಸಂವತ್ಸರ, ಭಾದ್ರಪದ" ಅಂತ ಐತಿ. ಅರವತ್ತು ಸಂವತ್ಸರದ ಲೆಕ್ಕ ಹಿಡೀರಿ, ಪ್ರಭವ ಬಂದದ್ದು 1867ರಾಗ, ಮತ್ತ 1927ರಾಗ, ಮತ್ತ 1987ರಾಗ. ಕಾಳಯುಕ್ತಿ 52ನೇದು, ಅಂದ್ರ 1918. ಆ ಕಾರ್ಡು ಗಣಪತಿ ಹಬ್ಬದ ಸುತ್ತ ಬರದದ್ದು, ಹತ್ತಿ ಹೊಲದ ಮಾತು, ಅರಬಿ ಬಾಕಿ ಮಾತು, ಏನೂ ವಿಶೇಷ ಇಲ್ಲ. ಅದರ ಮುಂದಿನ ಕಾರ್ಡು, ಅದೇ ತಂತಿಯಾಗ ಅದರ ಮ್ಯಾಲಿಂದು, ಪುಷ್ಯ ಮಾಸದ್ದು. ನಡಕ ಮೂರೂವರಿ ನಾಲ್ಕು ತಿಂಗಳು ಒಂದೂ ಇಲ್ಲ, ವಾರಕ್ಕ ಎರಡು ಮೂರು ಬರ್ತಿದ್ದ ಅಂಗಡಿಗೆ. 1918ರ ಅಕ್ಟೋಬರದಾಗ ಮುಂಬಯಿ ಇಲಾಖೆ ತುಂಬ ಇನ್‌ಫ್ಲುಯೆಂಜಾ ಜ್ವರ ಹಬ್ಬಿತ್ತು, ಹಿಂದೂಸ್ತಾನದಾಗ ಒಂದು ಕೋಟಿ ಮ್ಯಾಲೆ ಮಂದಿ ಹೋದ್ರು. ನಮ್ಮ ಮುತ್ಯಾನ ಅಪ್ಪನ ಜ್ವಾಡಿ ಅಣ್ಣತಮ್ಮಂದಿರು ಇಬ್ಬರು ಇದ್ರು ಅಂತ ಮನ್ಯಾಗ ಹೇಳ್ತಾರ, ಪುಷ್ಯದ ಕಾರ್ಡಿನಿಂದ ಮುಂದ ವಿಳಾಸದಾಗ ಒಂದೇ ಹೆಸರು ಐತಿ.

ತಂತಿ ಕ್ರಮ ತಪ್ಪಿಸದ ಇಟ್ಟದ್ದಕ್ಕ ಇದು ಸಿಕ್ಕಿತು. ಅದಕ್ಕೇ ಕೈಮುಗದು ಕೇಳಿದ್ನಿ, ಕಟ್ಟು ಸಿಕ್ಕರ ಬಿಚ್ಚೋಕಿಂತ ಮೊದಲ ಹೆಂಗೈತಿ ಹಂಗ ಫೋಟೋ ತಗೀರಿ, ಆಮ್ಯಾಲೆ ಒಂದೊಂದಕ್ಕೂ ಪೆನ್ಸಿಲ್ಲಿಲೆ ಸಣ್ಣಗ ನಂಬರ್ ಹಾಕ್ರಿ. ಎರಡೂ ಮಗ್ಗಲ ಸ್ಕ್ಯಾನ್ ಮಾಡ್ರಿ. ಲ್ಯಾಮಿನೇಶನ್ ಮಾತ್ರ ಮಾಡಿಸಬ್ಯಾಡ್ರಿ, ಬಿಸಿಗೆ ಕಾಗದ ಸುಟ್ಟಂಗ ಆಗತೈತಿ, ಮತ್ತ ಬಿಚ್ಚಾಕ ಬರೂದಿಲ್ಲ. ಸ್ಟಾಂಪು ಕತ್ತರಿಸಿ ಕೊಡ್ರಿ ಅಂತ ಕೇಳೋರಿಗೆ ಕೊಡಬ್ಯಾಡ್ರಿ, ಮುದ್ರಿ ಅದರ ಮ್ಯಾಲೆ ಅರ್ಧ ಇರತೈತಿ. ನನಗೇ ಹಿಂಗ ಆಗೈತಿ, ಒಬ್ರ ಕೈಯಾಗ ಸ್ಕ್ಯಾನ್ ಮಾಡಾಕ ಕೊಟ್ಟ ಒಂದು ಕಟ್ಟು ದೊಡ್ಡದು ಸಣ್ಣದು ಅಂತ ಸೈಜಿನ ಪ್ರಕಾರ ಜೋಡಿಸಿ ವಾಪಸ್ ಬಂತು, ನಾಲ್ಕನೇ ತಂತಿಯ ಕ್ರಮ ಈಗ ಯಾರಿಂದಲೂ ತಿರುಗಿ ಬರೂದಿಲ್ಲ. ಇವತ್ತಿಗೂ ಆ ಕಟ್ಟು ಕೈಗೆ ತಗೊಂಡ್ರ ಹೊಟ್ಟಿ ಉರೀತೈತಿ.

ಕಾರ್ಡು ಮುಚ್ಚಿಟ್ಟದ್ದು ಇನ್ನೂ ಒಂದೈತಿ. ವರದಾ ದಂಡಿ ಮ್ಯಾಲಿನ ಹೊಸರಿತ್ತಿ. 1943ರ ಏಪ್ರಿಲ್ 1ಕ್ಕ ಅಲ್ಲೆ ವೀರಭದ್ರ ಗುಡಿಯಾಗ ಇಟ್ಟಿದ್ದ ಕಂದಾಯದ ರೊಕ್ಕದ ಮ್ಯಾಲೆ ದಾಳಿ ಮಾಡಾಕ ಹೋಗಿ ಮೈಲಾರ ಮಹದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಪೊಲೀಸರ ಗುಂಡಿಗೆ ಬಿದ್ರು. ಮೋಟೆಬೆನ್ನೂರಿನ ಮಹದೇವಪ್ಪ ಗಾಂಧೀಜಿ ಜೋಡಿ 1930ರ ಉಪ್ಪಿನ ಸತ್ಯಾಗ್ರಹದಾಗ ಗುಜರಾತಿನ ದಾಂಡಿ ಊರಿಗೆ ನಡದಾಂವ, ಆಗಿನ್ನೂ ಹುಡುಗ, ಹೊಸರಿತ್ತಿಯಾಗ ಬಿದ್ದಾಗ 32 ತುಂಬಿರಲಿಲ್ಲ. ಅಂಥ ಸುದ್ದಿ ಹೊಳಿ ಗುಂಟ ಎಲ್ಲಾ ಊರಿಗೂ ಒಂದೇ ರಾತ್ರಿಗೆ ಹೋಗಿರಬೇಕು. ಆ ಏಪ್ರಿಲ್ ತಿಂಗಳ ಕಾರ್ಡು ನಮ್ಮಲ್ಲಿ ಅದಾವ, ಒಂದರಾಗೂ ಆ ಮಾತಿಲ್ಲ. ಹೊಸರಿತ್ತಿಗೆ ಹತ್ರದ ಊರಿಂದ ಬಂದ ಒಂದು ಕಾರ್ಡಿನ್ಯಾಗ ಮಾತ್ರ "ಈ ಕಡೆ ಎಲ್ಲಾರೂ ಮನ್ಯಾಗ ಅದಾರ, ಹೊರಗ ಹೋಗೂದಿಲ್ಲ, ಚಿಂತಿ ಮಾಡಬ್ಯಾಡ್ರಿ" ಅಂತ ಐತಿ. ಬ್ಯಾಸಗಿ, ಹೊಳಿ ಬಂದಿಲ್ಲ, ರೋಗ ಇಲ್ಲ, ಮತ್ತ ಎಲ್ಲಾರೂ ಮನ್ಯಾಗ ಯಾಕ ಅದಾರ? ತೆರೆದ ಕಾರ್ಡಿನ ಮ್ಯಾಲೆ ಅದಕ್ಕಿಂತ ಹೆಚ್ಚು ಬರಿಯಾಕ ಬರೂದಿಲ್ಲ, ಓದಿದವ್ರಿಗೆ ಅಷ್ಟೇ ಸಾಕಾಗಿತ್ತು. ಅದೇ ಟಪಾಲ ಖಾತೆ ಮುಂದ ಸ್ವತಂತ್ರ ಭಾರತದಾಗ ಮಹದೇವಪ್ಪನವರ ಸ್ಟಾಂಪು ತಂತು, ಅದನ್ನ ಈ ಕಾರ್ಡಿನ ಮಗ್ಗಲದಾಗ ಇಟ್ಟು ಸ್ಲೈಡ್ ಮಾಡೀನಿ.

ಸ್ವಾತಂತ್ರ್ಯದ ಮ್ಯಾಲಿನ ಕಾರ್ಡು ಬಾಳ ಮಂದಿಗೆ ನೆನಪದಾವ, ಹಂಗಾಗಿ ಬೇಗ ದಾಟಿಸಿದ್ನಿ. 1957ರಾಗ ನಯಾ ಪೈಸೆ ಬಂತು. ಹುಲಿ ಚಿತ್ರದ 15 ಪೈಸೆ ಕಾರ್ಡು ನಾವೆಲ್ಲಾ ಬರದೀವಿ, ಸಾಲಿಯಾಗ ರಿಸಲ್ಟ್ ಬಂದದ್ದು, ಕೆಲಸದ ಇಂಟರ್‌ವ್ಯೂ, ರೇಡಿಯೋಕ್ಕ ಹಾಡು ಕೇಳಿದ್ದು. ಈಗ 50 ಪೈಸೆ, ಪೋಸ್ಟ್ ಆಫೀಸಿನ್ಯಾಗ ಕೇಳಿದ್ರ ಇನ್ನೂ ಕೊಡ್ತಾರ. 2019ರ ಆಗಸ್ಟಿನ್ಯಾಗ ವರದಾ ಉಕ್ಕಿ ಹಳ್ಳಿಗಳಿಗೆ ನೀರು ನುಗ್ಗಿದಾಗ ನಮ್ಮ ಫೋನಿಗೆ ಬಂದ ಮೆಸೇಜು ನೋಡಿದೆ, "ಹೊಳಿ ಬಂದೈತಿ, ಬರಬ್ಯಾಡ್ರಿ". ಮನಿಯೊಳಗ ನೀರು ಹೊಕ್ಕು ಎಷ್ಟು ಮಂದಿಯ ತಂತಿ, ಟ್ರಂಕು ತೊಯ್ದು ಹೋದ್ವೋ.

ಎಲ್ಲಾ ಮುಗದು ಚಹಾ ಕುಡಿಯುವಾಗ ರಾಣೆಬೆನ್ನೂರು ಕಡೆಯಿಂದ ಬಂದಿದ್ದ ಒಬ್ಬ ಹೆಣ್ಣಮಗಳು ಪರ್ಸಿನ್ಯಾಗಿಂದ ಪ್ಲಾಸ್ಟಿಕ್ ಹಾಳಿಯಾಗ ಸುತ್ತಿದ ಒಂದು ಕಾರ್ಡು ತಗದ್ರು. ಅವರ ಅವ್ವಂದು, ಹಡಗಲಿ ತಾಲೂಕಿನ್ಯಾಗಿನ ಗಂಡನ ಮನಿಗೆ ಹೋಗಿದ್ದ ಕಾರ್ಡು, ವಿಳಾಸದಾಗ ಮಾವನ ಹೆಸರು. ಒಳಗ ಬಾಳ ಸಣ್ಣ ಮಾತು, ಹೊಳಿ ಇಳದೈತಿ, ಅಂಬಿಗ ಹೂಂ ಅಂದಾನ, ನಾಡದ ಬೆಳಿಗ್ಗೆ ಕರಿಯಾಕ ಬರ್ತೀನಿ, ತಯಾರಿರಬೇಕು. ಕಿಟಕಿ ಬೆಳಕಿಗೆ ಹಿಡದು ಇಬ್ಬರೂ ಮುದ್ರಿ ಓದಿದ್ವಿ. ಹಾಕಿದ್ದು 9ನೇ ತಾರೀಖು, ಮುಟ್ಟಿದ್ದು 13ಕ್ಕ. ಅಣ್ಣ ಬರ್ತೀನಿ ಅಂದದ್ದು 11ಕ್ಕ. ಅವರು ನಕ್ಕೊಂತ ಹೇಳಿದ್ರು, ಅವ್ವ ತವರಿಗೆ ಹೋಗಿ ಜೋಕಾಲಿ ಆಡಿ ತಿರುಗಿ ಬಂದ ಮ್ಯಾಲೆ ಮಾವ ಈ ಕಾರ್ಡು ಕೈಗೆ ಕೊಟ್ಟ, "ನಿಮ್ಮಣ್ಣ ಬರ್ತಾನಂತ ನೋಡವ್ವಾ" ಅಂತ.